ಹುದ್ದೆ ಹಿಡಿಯುವ ಮುನ್ನ, ಹುದ್ದೆ ಬಿಡುವಾಗ: ಸರ್ ಎಂ.ವಿ. ಅವರ ವೃತ್ತಿಜೀವನದ ಮೂರು ನಿರ್ಗಮನಗಳು

ಪ್ರತಿವರ್ಷ ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಹೊರನಾಡ ಕನ್ನಡ ಸಂಘಗಳಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹೂಮಾಲೆ ಹಾಕಿ, ಮಕ್ಕಳಿಂದ ಭಾಷಣ ಮಾಡಿಸಿ, ಇಂಜಿನಿಯರುಗಳ ದಿನವನ್ನು ಆಚರಿಸುವುದು ರೂಢಿ. ಭಾಷಣಗಳಲ್ಲಿ ಬರುವುದು ಸಾಮಾನ್ಯವಾಗಿ ಎರಡು ಮೂರು ಕಥೆಗಳೇ. ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಎಂಬುದು ಮೊದಲನೆಯದು. ರೈಲಿನ ಸದ್ದನ್ನು ಆಲಿಸಿಯೇ ಹಳಿ ಮುರಿದಿರುವುದನ್ನು ಪತ್ತೆಹಚ್ಚಿದರು ಎಂಬುದು ಎರಡನೆಯದು. ಇವು ನಡೆದವೋ ಇಲ್ಲವೋ, ಮಕ್ಕಳಿಗೆ ಹೇಳಲು ಸೊಗಸಾಗಿವೆ. ಆದರೆ ಇಂಥ ಕಥೆಗಳಿಂದ ಒಂದು ಅನನುಕೂಲವೂ ಉಂಟು. ಅವು ಸರ್ ಎಂ.ವಿ. ಅವರನ್ನು ನಮ್ಮ ಕೈಗೆಟುಕದ ಎತ್ತರದಲ್ಲಿ ಕೂರಿಸಿಬಿಡುತ್ತವೆ. ಎಟುಕದವರನ್ನು ಪೂಜಿಸಬಹುದೇ ಹೊರತು ಅವರಿಂದ ಕಲಿಯುವ ಪ್ರಯಾಸಕ್ಕೆ ಯಾರೂ ಹೋಗುವುದಿಲ್ಲ.

ಈ ಲೇಖನದಲ್ಲಿ ನಾವು ಅವರ ಅಣೆಕಟ್ಟು, ಕಾರ್ಖಾನೆಗಳ ಪಟ್ಟಿಯನ್ನು ಬದಿಗಿಟ್ಟು, ನಮ್ಮ ಮನೆಮನೆಗಳಲ್ಲಿ ಇಂದು ಚರ್ಚೆಯಾಗುತ್ತಿರುವ ಒಂದು ಸಾಧಾರಣ ಪ್ರಶ್ನೆಯನ್ನು ಅವರ ಬದುಕಿಗೆ ಕೇಳಲು ಬಯಸುತ್ತೇವೆ. ಒಂದು ಕೆಲಸವನ್ನು ಯಾವಾಗ ಒಪ್ಪಿಕೊಳ್ಳಬೇಕು? ಯಾವಾಗ, ಹೇಗೆ ಬಿಡಬೇಕು? ಮಗ ಪುಣೆಯ ಹಿಂಜವಡಿಯಲ್ಲೋ ಹೈದರಾಬಾದಿನಲ್ಲೋ ಕೆಲಸಕ್ಕೆ ಸೇರಿ ಹದಿನೆಂಟು ತಿಂಗಳಾಗುವಷ್ಟರಲ್ಲಿ ಇನ್ನೊಂದು ಕಂಪನಿಯ ಮಾತೆತ್ತುತ್ತಾನೆ. ಮೂವತ್ತೈದು ವರ್ಷ ಒಂದೇ ಬ್ಯಾಂಕಿನಲ್ಲಿ ದುಡಿದ ತಂದೆಗೆ ಅದು ಚಂಚಲತೆಯಾಗಿ ಕಾಣುತ್ತದೆ. ಇಬ್ಬರ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಇಬ್ಬರೂ ಕೆಲಸದ ಅವಧಿಯನ್ನು ಎಣಿಸುತ್ತಿದ್ದಾರೆ ಎಂಬುದಷ್ಟೇ ನಮಗೆ ತೋರುವ ಕೊರತೆ.

ವಿಶ್ವೇಶ್ವರಯ್ಯನವರನ್ನು ನಾವು ಮೈಸೂರಿನ ದಿವಾನರೆಂದೇ ನೆನೆಯುತ್ತೇವೆ. ಅವರು ದಿವಾನರಾಗಿದ್ದುದು 1912ರಿಂದ 1918ರವರೆಗೆ, ಆರು ವರ್ಷ ಮಾತ್ರ. ಅದಕ್ಕೂ ಮುನ್ನ 24 ವರ್ಷ ಅವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದರು. ಎಂದರೆ ಅವರ ವೃತ್ತಿಜೀವನದ ತಳಪಾಯ ಬಿದ್ದದ್ದು ಹೊರನಾಡಿನಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಅವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಬಂದರು. 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿ, 1884ರಲ್ಲಿ ಸಹಾಯಕ ಇಂಜಿನಿಯರ್ ಹುದ್ದೆಗೆ ಸೇರಿದರು. ನಾಸಿಕ್, ಧುಳೆ, ಸಿಂಧ್ ಪ್ರಾಂತದ ಸುಕ್ಕೂರು, ಸೂರತ್, ಪುಣೆ ಹೀಗೆ ಊರಿಂದೂರಿಗೆ ವರ್ಗವಾಗುತ್ತ ಹೋದರು. ಇಂದು ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮಗೆ ಈ ವರ್ಗಾವಣೆಯ ಬಾಳು ಅಪರಿಚಿತವಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿಯೇ ನಡೆದ ಒಂದು ಪ್ರಸಂಗವನ್ನು ಅವರು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಖಾನದೇಶದ ಪಾಂಝರಾ ನದಿಯ ಪ್ರದೇಶದಲ್ಲಿ ನೀರನ್ನು ಕೊಳವೆಯ ಮೂಲಕ ಹಾಯಿಸುವ ಕಾಮಗಾರಿ ಅವರ ಪಾಲಿಗೆ ಬಂದಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆಗಾಲ ಮುಗಿದ ಮೇಲೆ ಕೆಲಸ ಮುಂದುವರಿಸುವುದು ಲೇಸೆಂದು ಮೇಲಧಿಕಾರಿಗೆ ಬರೆದರು. ಮೇಲಧಿಕಾರಿ ಇದನ್ನು ಕೆಲಸಗಳ್ಳತನವೆಂಬಂತೆ ಭಾವಿಸಿ ಆಕ್ಷೇಪಣೆಯ ಧಾಟಿಯಲ್ಲಿ ಉತ್ತರಿಸಿದರು. ತರುಣ ಇಂಜಿನಿಯರರು ವಾದಕ್ಕೆ ನಿಲ್ಲಲಿಲ್ಲ, ರಾಜೀನಾಮೆಯ ಮಾತನ್ನೂ ಆಡಲಿಲ್ಲ. ನದಿಯ ಪ್ರವಾಹದ ನಡುವೆಯೇ ಕಾಮಗಾರಿಯನ್ನು ಮುಗಿಸಿಕೊಟ್ಟರು. ಅನಂತರ ಅದೇ ಅಧಿಕಾರಿಯಿಂದ ಮೆಚ್ಚುಗೆಯೂ ಬಂದಿತು. ಈ ಘಟನೆಯನ್ನು ಕೇವಲ ವಿಧೇಯತೆಯ ಪಾಠವೆಂದು ಓದಿದರೆ ಮುಂದಿನ ಅಧ್ಯಾಯಗಳು ಅರ್ಥವಾಗುವುದಿಲ್ಲ. ಆಗ ಅವರಿಗೆ ಕೆಲಸ ಕಲಿಯುವುದಿತ್ತು. ಒಬ್ಬ ಮೇಲಧಿಕಾರಿಯ ಕಟುಮಾತು ಕೆಲಸ ಬಿಡುವುದಕ್ಕೆ ಸಾಕಾಗುವ ಕಾರಣವಲ್ಲವೆಂದು ಅವರು ತೀರ್ಮಾನಿಸಿದ್ದಿರಬೇಕು. ಇದೇ ವ್ಯಕ್ತಿ ಮುಂದೆ ಎಂಥ ಕಾರಣಕ್ಕೆ ಕೆಲಸ ಬಿಟ್ಟರೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಪುಣೆಯ ವರ್ಷಗಳು ಅವರ ಬೆಳವಣಿಗೆಯಲ್ಲಿ ಮುಖ್ಯವಾದವು. ನ್ಯಾಯಮೂರ್ತಿ ರಾನಡೆ, ಗೋಪಾಲಕೃಷ್ಣ ಗೋಖಲೆ ಮೊದಲಾದವರ ಒಡನಾಟ ಅಲ್ಲಿ ದೊರೆಯಿತು. ದೇಶದ ಬಡತನಕ್ಕೆ ಉದ್ಯಮವೇ ಮದ್ದು ಎಂಬ ರಾನಡೆಯವರ ಚಿಂತನೆಯ ನೆರಳನ್ನು ವಿಶ್ವೇಶ್ವರಯ್ಯನವರ ಮುಂದಿನ ಬರಹಗಳಲ್ಲೆಲ್ಲ ಕಾಣಬಹುದು. 1898ರಲ್ಲಿ ರಜೆ ಹಾಕಿ ಜಪಾನಿಗೆ ಹೋಗಿ, ಅಲ್ಲಿನ ಶಿಕ್ಷಣ ಮತ್ತು ಕೈಗಾರಿಕೆಗಳನ್ನು ನೋಡಿಬಂದರು. ನೀರಾವರಿ ಇಲಾಖೆಯ ಒಬ್ಬ ಅಧಿಕಾರಿಗೆ ಜಪಾನಿನ ಶಾಲೆಗಳ ವಿಷಯ ಏತಕ್ಕೆ ಎಂದು ಆಗ ಯಾರಾದರೂ ಕೇಳಿದ್ದರೆ ಆಶ್ಚರ್ಯವಿಲ್ಲ. ಹತ್ತು ಹದಿನೈದು ವರ್ಷಗಳ ಅನಂತರ ಒಂದು ಸಂಸ್ಥಾನದ ಆಡಳಿತವೇ ಕೈಗೆ ಬಂದಾಗ ಆ ತಿಳಿವಳಿಕೆ ಉಪಯೋಗಕ್ಕೆ ಬಂದಿತು.

ಇಲಾಖೆಯ ಕೆಲಸದಲ್ಲಿಯೂ ಅವರು ವಹಿಸಿಕೊಟ್ಟಷ್ಟನ್ನು ಮಾಡಿ ಸುಮ್ಮನಾಗುವವರಲ್ಲ. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಅಣೆಕಟ್ಟನ್ನು ಎತ್ತರಿಸದೆ ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ, ನೀರಿನ ಮಟ್ಟವನ್ನು ಸುಮಾರು 8 ಅಡಿ ಹೆಚ್ಚಿಸುವ ಉಪಾಯವನ್ನು ಅವರು ಕಂಡುಹಿಡಿದರು. ಪ್ರವಾಹ ಒಂದು ಮಟ್ಟ ಮೀರಿದರೆ ಬಾಗಿಲುಗಳು ತಾವಾಗಿ ತೆರೆದುಕೊಂಡು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. ನೀರಾ ಕಾಲುವೆಯ ಪ್ರದೇಶದಲ್ಲಿ ಅವರು 1899ರಲ್ಲಿ ಜಾರಿಗೆ ತಂದ ಬ್ಲಾಕ್ ಪದ್ಧತಿ ಇದಕ್ಕಿಂತಲೂ ಕಷ್ಟದ ಕೆಲಸ, ಏಕೆಂದರೆ ಅಲ್ಲಿ ನೀರಿಗಿಂತ ಮನುಷ್ಯರನ್ನು ಒಲಿಸಬೇಕಾಗಿತ್ತು. ಕಬ್ಬು ಬೆಳೆಯುವವರು ಇಷ್ಟಬಂದಂತೆ ನೀರು ಹಾಯಿಸಿ ಭೂಮಿ ಜೌಗಾಗುತ್ತಿತ್ತು, ಕಾಲುವೆಯ ಕೊನೆಯ ರೈತನಿಗೆ ನೀರು ತಲುಪುತ್ತಿರಲಿಲ್ಲ. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯ ಪ್ರಕಾರ ಬದಲಿಸಿ, ಹೆಚ್ಚು ಹಳ್ಳಿಗಳಿಗೆ ನೀರು ಹಂಚುವುದು ಹೊಸ ಕ್ರಮ. ರೈತರು ಮೊದಲು ಇದನ್ನು ಅನುಮಾನದಿಂದ ಕಂಡರು. ಅವರಿಗೆ ಕುಳಿತು ವಿವರಿಸಿ ಒಪ್ಪಿಸುವುದು ಅಗತ್ಯವಾಯಿತು. ನಾಯಕತ್ವ ಎಂಬ ದೊಡ್ಡ ಪದವನ್ನು ಇಂದು ತರಬೇತಿ ಶಿಬಿರಗಳಲ್ಲಿ ಧಾರಾಳವಾಗಿ ಬಳಸಲಾಗುತ್ತಿದೆ. ಅಧಿಕಾರವಿದ್ದರೂ ಒಪ್ಪಿಸಿ ನಡೆಸುವ ಈ ಬಗೆಯ ದುಡಿಮೆಗೂ ಆ ಹೆಸರು ಸಲ್ಲಬೇಕೆಂದು ನಮ್ಮ ಅಭಿಪ್ರಾಯ.

ಇಂಥ ಸಾಧನೆಯಿಂದ ಅವರು ತಮಗಿಂತ ಹಿರಿಯರಾದ 18 ಮಂದಿಯನ್ನು ದಾಟಿ ಸೂಪರಿಂಟೆಂಡಿಂಗ್ ಇಂಜಿನಿಯರ್ ಸ್ಥಾನಕ್ಕೆ ಬಂದರು. ಮುಂದಿನ ಮೆಟ್ಟಿಲು ಮುಖ್ಯ ಇಂಜಿನಿಯರ್ ಹುದ್ದೆ. ಆ ಕಾಲದ ಬ್ರಿಟಿಷ್ ಆಡಳಿತದಲ್ಲಿ ಭಾರತೀಯನೊಬ್ಬನಿಗೆ ಆ ಸ್ಥಾನ ಸಿಗುವ ಸಂಭವವಿಲ್ಲವೆಂದು ಅವರಿಗೆ ಮನವರಿಕೆಯಾಯಿತು. 1908ರಲ್ಲಿ, 47ರ ಆಸುಪಾಸಿನ ವಯಸ್ಸಿನಲ್ಲಿ, ಸ್ವಇಚ್ಛೆಯಿಂದ ನಿವೃತ್ತಿ ಕೇಳಿದರು. ಪೂರ್ಣ ನಿವೃತ್ತಿವೇತನಕ್ಕೆ 25 ವರ್ಷದ ಸೇವೆ ಬೇಕಿತ್ತು, ಅವರದು ಇನ್ನೂ ಅಷ್ಟಾಗಿರಲಿಲ್ಲ. ಆದರೂ ಸರ್ಕಾರ ಅವರ ಸೇವೆಯನ್ನು ಗೌರವಿಸಿ ನಿವೃತ್ತಿವೇತನ ಮಂಜೂರು ಮಾಡಿತು. ಹಿರಿಯರನ್ನು ದಾಟಿ ಬಂದ ಬಡ್ತಿ ಸಹೋದ್ಯೋಗಿಗಳ ಅಸೂಯೆಗೆ ಕಾರಣವಾಗಿದ್ದುದೂ ನಿಜ. ಅವರು ಬಿಟ್ಟದ್ದು ಅವಮಾನಕ್ಕಾಗಿ ಅಲ್ಲ, ಹೆಚ್ಚಿನ ಸಂಬಳಕ್ಕಾಗಿಯೂ ಅಲ್ಲ. ಅಲ್ಲಿ ತಾವು ಇನ್ನು ಬೆಳೆಯಲಾರೆವೆಂಬ ಸ್ಪಷ್ಟವಾದ ಲೆಕ್ಕಾಚಾರ ಅದರ ಹಿಂದೆ ಇತ್ತು. ಪಾಂಝರಾ ತೀರದ ಕಟುಪತ್ರಕ್ಕೂ ಈ ಮುಚ್ಚಿದ ಬಾಗಿಲಿಗೂ ಇರುವ ಅಂತರವನ್ನು ನಮ್ಮ ತರುಣರು ಗಮನಿಸಬೇಕು. ಒಂದು ನಾಲ್ಕು ದಿನದ ಮಾತು. ಇನ್ನೊಂದು ವ್ಯವಸ್ಥೆಯ ಗೋಡೆ.

ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ವಿಶ್ವೇಶ್ವರಯ್ಯನವರ ಗೃಹಸ್ಥಜೀವನ ಬಹುಬೇಗ ಮುಗಿದುಹೋಗಿತ್ತು. ಮಕ್ಕಳ ಕಾಲೇಜು ಶುಲ್ಕ, ಫ್ಲ್ಯಾಟಿನ ಸಾಲದ ಕಂತು ಇವು ಅವರ ತಲೆಯ ಮೇಲಿರಲಿಲ್ಲ. ಅವರಂತೆ ದಿಟ್ಟತನದಿಂದ ರಾಜೀನಾಮೆ ಕೊಡಿ ಎಂದು ಡೊಂಬಿವಲಿಯ ಒಬ್ಬ ಸಂಸಾರವಂದಿಗನಿಗೆ ಉಪದೇಶಿಸುವುದು ಸುಲಭ, ಯೋಗ್ಯವಲ್ಲ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳು ಸ್ವಯಂನಿವೃತ್ತಿ ಯೋಜನೆಯನ್ನು ತಂದಾಗ ದೇಶದಲ್ಲಿ ಸುಮಾರು ಒಂದು ಲಕ್ಷ ನೌಕರರು ಹೊರಬಂದರು. ಬ್ಯಾಂಕಿಂಗ್ ಎಂಬುದು ನಮ್ಮ ಕರಾವಳಿಯವರ ಮನೆವೃತ್ತಿಯೇ ಆಗಿದ್ದುದರಿಂದ ಹೊರನಾಡಿನ ಕನ್ನಡ ಕುಟುಂಬಗಳಿಗೂ ಅದರ ಬಿಸಿ ತಟ್ಟಿತು. ಹೀಗೆ ಬಂದವರಲ್ಲಿ ಎರಡು ಬಗೆಯವರನ್ನು ನಾವು ಕಂಡಿದ್ದೇವೆ. ಕೈಗೆ ಬಂದ ಇಡುಗಂಟಿನ ಮೊತ್ತವನ್ನು ನೋಡಿ ಬಿಟ್ಟವರು ಕೆಲವರು. ಮುಂದೆ ಮಾಡಬೇಕಾದ ಕೆಲಸವೊಂದು ಮನಸ್ಸಿನಲ್ಲಿ ಸಿದ್ಧವಾಗಿದ್ದು ಬಿಟ್ಟವರು ಇನ್ನು ಕೆಲವರು. ಎರಡನೆಯವರಿಗೆ ಬೆಳಗಿನ ಹೊತ್ತು ಉದ್ದವಾಗಲಿಲ್ಲ. ಉಳಿದುಕೊಂಡವರ ಪಾಡೂ ಸ್ಥಿರವೆನ್ನುವಂತಿಲ್ಲ. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾಗಿ, ಆ ಹೆಸರಿನ ಫಲಕಗಳೇ ಇಲ್ಲವಾದವು. ಒಂದೇ ಸಂಸ್ಥೆಯಲ್ಲಿ ಕಡೆತನಕ ಎಂಬ ಮಾತಿಗೆ, ಆ ಸಂಸ್ಥೆಯೇ ಕಡೆತನಕ ಇರುತ್ತದೆಯೆ ಎಂಬ ಮರುಪ್ರಶ್ನೆ ಈಗ ಸೇರಿಕೊಂಡಿದೆ.

ಮುಂಬಯಿ ಸೇವೆಯನ್ನು ತೊರೆದ ವಿಶ್ವೇಶ್ವರಯ್ಯನವರು ವಿದೇಶ ಪ್ರವಾಸಕ್ಕೆ ಹೊರಟರು. ಅವರು ಇಟಲಿಯಲ್ಲಿದ್ದಾಗ ನಿಜಾಮ ಸರ್ಕಾರದ ಕರೆ ಬಂದಿತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಸತ್ತಿದ್ದರು. 1909ರಲ್ಲಿ ಅಲ್ಲಿಗೆ ಬಂದ ಅವರು ಕೆಲವೇ ತಿಂಗಳುಗಳಲ್ಲಿ ಪ್ರವಾಹದ ಕಾರಣಗಳನ್ನು ಶೋಧಿಸಿ, ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯಗಳನ್ನು ಕಟ್ಟಲು ಸೂಚಿಸಿದರು. ಇಂದಿನ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಆ ಸಲಹೆಯ ಫಲ. ಅವು ಪೂರ್ಣಗೊಂಡದ್ದು 1920ರ ದಶಕದಲ್ಲಿ, ಅವರು ಹೈದರಾಬಾದಿನಿಂದ ಹೊರಟು ಎಷ್ಟೋ ವರ್ಷಗಳ ಬಳಿಕ. ತಾವಿಲ್ಲದಾಗಲೂ ಇತರರು ಕೈಗೆತ್ತಿಕೊಂಡು ಮುಗಿಸಬಲ್ಲಷ್ಟು ಸ್ಪಷ್ಟವಾದ ವರದಿಯನ್ನು ಬಿಟ್ಟುಹೋಗುವುದು ಒಂದು ವಿಶೇಷ ಗುಣ. ಕಚೇರಿಯ ವ್ಯವಹಾರವನ್ನೆಲ್ಲ ತಮ್ಮ ತಲೆಯಲ್ಲಿಯೇ ಇಟ್ಟುಕೊಂಡು ತಮ್ಮನ್ನು ಅನಿವಾರ್ಯರನ್ನಾಗಿಸಿಕೊಳ್ಳುವವರನ್ನು ನಾವೆಲ್ಲರೂ ಬಲ್ಲೆವು.

ಅದೇ ವೇಳೆಗೆ ಮೈಸೂರು ಸರ್ಕಾರ ಅವರನ್ನು ಮುಖ್ಯ ಇಂಜಿನಿಯರ್ ಹುದ್ದೆಗೆ ಆಹ್ವಾನಿಸಿತು. ಮುಂಬಯಿಯಲ್ಲಿ ನಿರಾಕರಿಸಲ್ಪಡಬಹುದಾಗಿದ್ದ ಹುದ್ದೆ ತಾಯ್ನಾಡಿನಲ್ಲಿ ತಾನಾಗಿ ಬಂದಿತ್ತು. ಬೇರೆಯವರಾಗಿದ್ದರೆ ಅಂದೇ ರೈಲು ಹತ್ತುತ್ತಿದ್ದರೇನೋ. ಅವರು ಹಾಗೆ ಮಾಡದೆ, ತಾಂತ್ರಿಕ ಶಿಕ್ಷಣ ಮತ್ತು ಕೈಗಾರಿಕೆಗಳ ಅಭಿವೃದ್ಧಿಗೆ ಅಲ್ಲಿ ಅವಕಾಶವಿರುತ್ತದೆಯೆ ಎಂದು ಕೇಳಿ ಬರೆದರು. ಒಪ್ಪಿಗೆಯ ಭರವಸೆ ದೊರೆತ ಮೇಲೆಯೇ 1909ರ ನವೆಂಬರಿನಲ್ಲಿ ಮೈಸೂರಿಗೆ ಬಂದರು. ಇಂದಿನ ಸಂದರ್ಶನಗಳಲ್ಲಿ ಅಭ್ಯರ್ಥಿಗೆ ಕೊನೆಯಲ್ಲಿ ‘ನೀವೇನಾದರೂ ಕೇಳುವುದಿದೆಯೇ’ ಎಂದು ಕೇಳುವ ಪದ್ಧತಿಯಿದೆ. ಬಹುಮಂದಿ ರಜೆ, ಸಂಬಳ, ಊರು ಇವನ್ನು ಕೇಳುತ್ತಾರೆ. ಅವೂ ಕೇಳಬೇಕಾದವೇ. ಆದರೆ ‘ಈ ಹುದ್ದೆಯಲ್ಲಿ ನನ್ನಿಂದ ಏನು ಮಾಡಲು ಸಾಧ್ಯ’ ಎಂಬ ಪ್ರಶ್ನೆಯನ್ನು ಸೇರುವ ಮುನ್ನವೇ ಕೇಳಿದವನಿಗೆ, ಬಿಡುವ ಕಾಲ ಬಂದಿದೆಯೇ ಎಂದು ಅಳೆಯಲು ಒಂದು ಅಳತೆಗೋಲೂ ದೊರೆತಂತಾಗುತ್ತದೆ. ಆ ಭರವಸೆ ಉಳಿದಿದೆಯೋ ಇಲ್ಲವೋ ಎಂದು ನೋಡಿದರಾಯಿತು.

ಮೈಸೂರಿನಲ್ಲಿ ಮುಂದೆ ನಡೆದುದು ಓದುಗರಿಗೆ ತಿಳಿದದ್ದೇ. 1911ರಲ್ಲಿ ಆರ್ಥಿಕ ಸಮ್ಮೇಳನ, ಅದೇ ವರ್ಷ ಕನ್ನಂಬಾಡಿಯ ಕಾಮಗಾರಿ, 1912ರಲ್ಲಿ ದಿವಾನಗಿರಿ, 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ದಿವಾನಗಿರಿಯ ಆರು ವರ್ಷಗಳಲ್ಲಿ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತು. ಬಂಧುಗಳು ಶಿಫಾರಸಿಗಾಗಿ ತಮ್ಮ ಬಳಿಗೆ ಬರಬಾರದೆಂಬ ಷರತ್ತನ್ನು ಒಪ್ಪಿಸಿಕೊಂಡೇ ಅವರು ದಿವಾನಗಿರಿಗೆ ಒಪ್ಪಿದರೆಂದು ಜನಜನಿತವಾದ ಮಾತು. ಅದು ಹಾಗಿರಲಿ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅವರ ಎರಡನೆಯ ನಿರ್ಗಮನ. ಅದರ ಬಗ್ಗೆ ಸಮಾರಂಭಗಳಲ್ಲಿ ಮಾತನಾಡುವವರು ಕಡಿಮೆ.

ಆ ಕಾಲದ ಮೈಸೂರಿನಲ್ಲಿ ಜನಸಂಖ್ಯೆಯ ಅಲ್ಪಭಾಗವಾಗಿದ್ದ ಬ್ರಾಹ್ಮಣರೇ ಸರ್ಕಾರದ ಉನ್ನತ ಹುದ್ದೆಗಳಲ್ಲಿ ಬಹುಪಾಲು ತುಂಬಿಕೊಂಡಿದ್ದರು. ಇತರ ಸಮುದಾಯಗಳ ಮುಖಂಡರು ತಮಗೂ ಪ್ರಾತಿನಿಧ್ಯ ಬೇಕೆಂದು ಮಹಾರಾಜರಲ್ಲಿ ಮನವಿ ಮಾಡಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ದಿವಾನರ ನಿಲುವು ಬೇರೆ. ನೇಮಕಾತಿಗೆ ಅರ್ಹತೆಯೊಂದೇ ಆಧಾರವಾಗಬೇಕು, ಹಿಂದುಳಿದವರಿಗೆ ಶಿಕ್ಷಣವನ್ನು ವಿಸ್ತರಿಸಿ ಅವರನ್ನು ಸಮರ್ಥರನ್ನಾಗಿಸಬೇಕು ಎಂಬುದು ಅವರ ನಂಬಿಕೆ. ಮಹಾರಾಜರು ಕಾಯಲು ಸಿದ್ಧರಿರಲಿಲ್ಲ. 1918ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟರು. ಸರ್ದಾರ್ ಕಾಂತರಾಜ ಅರಸರು ಆ ಸ್ಥಾನಕ್ಕೆ ಬಂದರು. ಮರುವರ್ಷ ಬಂದ ಮಿಲ್ಲರ್ ವರದಿ, ಮುಂದೆ ಕರ್ನಾಟಕದ ಸಾಮಾಜಿಕ ನ್ಯಾಯದ ನೀತಿಗೆ ಅಡಿಗಲ್ಲಾಯಿತು.

ಈ ವಿಷಯದಲ್ಲಿ ಮಹಾರಾಜರ ದೃಷ್ಟಿಯೇ ಹೆಚ್ಚು ದೂರಗಾಮಿಯಾಗಿತ್ತೆಂದು ನಾವು ಭಾವಿಸುತ್ತೇವೆ. ಶಾಲೆ ಕಟ್ಟಿ ಕಾಯಿರಿ ಎಂಬ ಮಾತು, ಅದಾಗಲೇ ಕಚೇರಿಯೊಳಗೆ ಕುಳಿತವರಿಗೆ ಹೇಳಲು ಸುಲಭ, ಹೊರಗೆ ನಿಂತವರಿಗೆ ಕೇಳಲು ಕಷ್ಟ. ಮಹನೀಯರೊಬ್ಬರನ್ನು ಗೌರವಿಸುವುದಕ್ಕೆ ಅವರ ಎಲ್ಲ ನಿಲುವುಗಳನ್ನೂ ಒಪ್ಪಬೇಕಾಗಿಲ್ಲ. ಆದರೆ ಭಿನ್ನಾಭಿಪ್ರಾಯ ಬಂದಾಗ ಅವರು ನಡೆದುಕೊಂಡ ರೀತಿ ಗಮನಾರ್ಹ. ತಾವು ನಂಬದ ನೀತಿಯನ್ನು ಕುರ್ಚಿಗಾಗಿ ಒಪ್ಪಿ ನಡೆಸಲಿಲ್ಲ. ಕುರ್ಚಿಯಲ್ಲಿದ್ದುಕೊಂಡೇ ಅದನ್ನು ಒಳಗಿಂದೊಳಗೆ ಕೆಡಿಸುವ ದಾರಿಯನ್ನೂ ಹಿಡಿಯಲಿಲ್ಲ. ಹೊರಬಂದ ಮೇಲೆ ಅರಮನೆಯ ವಿರುದ್ಧ ಪ್ರಚಾರಕ್ಕೆ ನಿಲ್ಲಲಿಲ್ಲ. 1951ರಲ್ಲಿ ಪ್ರಕಟವಾದ ಅವರ ಆತ್ಮಕಥನದಲ್ಲಿಯೂ ಮಹಾರಾಜರ ಬಗ್ಗೆ ಗೌರವದ ಮಾತುಗಳೇ ಇವೆ. ಕೆಲಸ ಬಿಟ್ಟ ವಾರದಲ್ಲೇ ಹಳೆಯ ಸಂಸ್ಥೆಯನ್ನು ನಾಲ್ಕು ಮಂದಿಯ ಮುಂದೆ ಹಳಿಯುವುದನ್ನು ದಿಟ್ಟತನವೆಂದು ತಿಳಿಯುವ ನಮ್ಮ ಕಾಲಕ್ಕೆ ಇದು ಸಪ್ಪೆಯಾಗಿ ಕಂಡರೂ ಕಾಣಬಹುದು.

ಈ ಸಂಯಮದ ಬೆಲೆ ತಿಳಿದದ್ದು ಐದು ವರ್ಷಗಳ ಅನಂತರ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅವರ ದಿವಾನಗಿರಿಯ ಕಾಲದಲ್ಲಿಯೇ ನಾಂದಿಯಾಗಿತ್ತು. 1923ರಲ್ಲಿ ಉತ್ಪಾದನೆ ಆರಂಭವಾಗುವ ಹೊತ್ತಿಗೆ ಮಹಾಯುದ್ಧ ಕಾಲದ ಬೇಡಿಕೆ ಇಳಿದು ಕಬ್ಬಿಣದ ಧಾರಣೆ ಕುಸಿದಿತ್ತು. ಇದ್ದಿಲಿನಿಂದ ನಡೆಯುವ ಕುಲುಮೆ, ಸಂಸ್ಥಾನದ ಬೊಕ್ಕಸಕ್ಕೆ ಭಾರವಾದ ಬಂಡವಾಳ, ಬೆಳೆಯುತ್ತಿದ್ದ ನಷ್ಟ, ಇವೆಲ್ಲದರ ನಡುವೆ ಮೈಸೂರು ಸರ್ಕಾರ ನೆನೆದದ್ದು ಬಿಟ್ಟುಹೋದ ದಿವಾನರನ್ನೇ. ಅವರೂ ಬಂದರು. ಯಾವ ಮಹಾರಾಜರೊಡನೆ ಒಮ್ಮತವಾಗದೆ ಹೊರಟಿದ್ದರೋ ಅದೇ ಮಹಾರಾಜರ ಸರ್ಕಾರದಲ್ಲಿ, ದಿವಾನರಾಗಿದ್ದವರು ಒಂದು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಕುಳಿತರು. ಹುದ್ದೆಗಳ ಏಣಿಯ ಲೆಕ್ಕದಲ್ಲಿ ಇದು ಇಳಿಕೆಯೇ. ಅರವತ್ತು ದಾಟಿದ ವಯಸ್ಸಿನಲ್ಲಿ ಮಲೆನಾಡ ಅಂಚಿನ ಆ ಊರಿನ ಕಾರ್ಖಾನೆಯ ಖರ್ಚುವೆಚ್ಚ, ಸಿಬ್ಬಂದಿ, ಮಾರಾಟ ಇವುಗಳಲ್ಲಿ ತೊಡಗಿ, ಅದನ್ನು ನಷ್ಟದ ದವಡೆಯಿಂದ ಎಳೆದು ತಂದರು. 1929ರಲ್ಲಿ ಅಲ್ಲಿಂದ ಹೊರಟರು.

ಅದು ಮೂರನೆಯ ನಿರ್ಗಮನ. ಇದರಲ್ಲಿ ಮುನಿಸಿಲ್ಲ, ಮುಚ್ಚಿದ ಬಾಗಿಲಿಲ್ಲ. ವಹಿಸಿಕೊಂಡ ಕೆಲಸ ಒಂದು ಹದಕ್ಕೆ ಬಂದಿತ್ತು, ಹೊರಟರು. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ಪಡೆಯದೆ, ಯುವಕರಿಗೆ ಕಸುಬು ಕಲಿಸುವ ಶಾಲೆಗೆ ಮೀಸಲಿಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರನ್ನು ಇಡಗೊಡಲಿಲ್ಲ. ಅದು ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತಿತು. ಬೆಂಗಳೂರಿಗರು ಇಂದಿಗೂ ಎಸ್.ಜೆ. ಪಾಲಿಟೆಕ್ನಿಕ್ ಎನ್ನುವುದು ಅದನ್ನೇ.

ಮಗನ ರಾಜೀನಾಮೆಯ ಮಾತಿಗೆ ಮರಳುವುದಾದರೆ, ಮನೆಯ ಹಿರಿಯರು ‘ಎಷ್ಟು ಹೆಚ್ಚು ಕೊಡುತ್ತಾರೆ’ ಎಂದು ಕೇಳುವ ಮೊದಲು ಬೇರೆ ಕೆಲವನ್ನು ವಿಚಾರಿಸುವುದು ಒಳ್ಳೆಯದು. ಈಗಿನ ಕೆಲಸದಲ್ಲಿ ಕಲಿಯುವುದು ಉಳಿದಿದೆಯೋ? ಬೇಸರ ಒಬ್ಬ ಮೇಲಧಿಕಾರಿಯ ಮಾತಿನಿಂದ ಬಂದದ್ದೋ, ಮುಂದೆ ದಾರಿಯೇ ಇಲ್ಲವೆಂಬ ಅರಿವಿನಿಂದ ಬಂದದ್ದೋ? ಅರ್ಧಕ್ಕೆ ನಿಂತ ಕೆಲಸವನ್ನು ಬೇರೊಬ್ಬರು ಮುಂದುವರಿಸುವಂತೆ ಬರೆದಿಟ್ಟಾಗಿದೆಯೋ? ಐದು ವರ್ಷ ಕಳೆದು ಅದೇ ಸಂಸ್ಥೆ ಮತ್ತೆ ಕರೆಯಬಹುದಾದಂತೆ ಹೊರಡುತ್ತಿದ್ದಾನೋ? ಇವಕ್ಕೆ ತೃಪ್ತಿಕರವಾದ ಉತ್ತರವಿದ್ದರೆ ಹದಿನೆಂಟು ತಿಂಗಳೂ ಕಡಿಮೆಯಲ್ಲ. ಇಲ್ಲದಿದ್ದರೆ ಮೂವತ್ತೈದು ವರ್ಷ ಕಳೆದರೂ ಆ ಕುರ್ಚಿಯಲ್ಲಿ ಕುಳಿತಿದ್ದೇಕೆಂಬುದು ಸ್ವತಃ ಕುಳಿತವರಿಗೇ ತಿಳಿಯದೆ ಹೋಗುವುದುಂಟು.

ಭದ್ರಾವತಿಯನ್ನು ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ಬಿಡುವಾಗಿ ಕುಳಿತವರಲ್ಲ. ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ 1927ರಿಂದ 1955ರವರೆಗೂ ಇದ್ದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯೊಂದನ್ನು ಪ್ರತಿಪಾದಿಸುವ ಗ್ರಂಥವನ್ನು ಹೊರತಂದರು. ಬಿಹಾರದಲ್ಲಿ ಗಂಗಾನದಿಗೆ ಸೇತುವೆಯನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಬಂದಾಗ ಕೇಂದ್ರ ಸರ್ಕಾರ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಿತು. ಅದು 1952ರ ಮಾತು, ಅವರಿಗೆ ಆಗ ತೊಂಬತ್ತು ದಾಟಿತ್ತು. ಮೊಕಾಮಾದ ಬಳಿಯ ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು.